ಗಿಡದ ಕೆಲಸಕ್ಕೆ ಕಟ್ಟಿಗೆಯನ್ನು ಕೂಲಿ ಅಂತ ತಗೋಬೇಡ

ತಮ್ಮಾ, ಶಹಾಪುರದಿಂದ ನೀನು ಕೇಳಿದ್ದನ್ನು ನಿನ್ನೆ ರಾತ್ರಿಯೇ ಓದಿದೆ. ಹುಣಸೆ ಬಡಿಯಲು ಚಿಕ್ಕಂದಿನಿಂದ ಗಿಡ ಹತ್ತಿ ರೂಢಿ ಇದೆ, ಒಂದು ಕಟಿಂಗ್ ಮಷಿನ್ ಕೊಂಡು ಗಿಡ ಸವರುವ ಕೆಲಸ ಶುರು ಮಾಡಲಾ, ದಿನಾ ಕೆಲಸ ಸಿಗುತ್ತದಾ, ಕಷ್ಟ ಏನು ಅಂತ ಕೇಳಿದ್ದೀಯ. ನಾನು ಕಲಬುರಗಿಯಲ್ಲಿ 17 ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದು.

ಮೊದಲು ದುಡ್ಡಿನ ಮಾತು. ನಮ್ಮ ಕಡೆ ಗಿಡ ಕಡಿಸುವವರು ಬಹಳ ಮಂದಿ ಹೇಳುವುದು ಒಂದೇ: "ಕಟ್ಟಿಗೆ ನೀವೇ ಒಯ್ಯಿರಿ, ಕೂಲಿ ಕೇಳಬ್ಯಾಡ್ರಿ." ಹೊಸಬರಿಗೆ ಇದು ಲಾಭ ಅನಿಸುತ್ತದೆ. ನಾನೂ ಮೊದಲ ಎರಡು ವರ್ಷ ಹಾಗೇ ಮಾಡಿದೆ. ಆಮೇಲೆ ಗೊತ್ತಾಯಿತು, ಗಿಡದ ಕೆಳಗೆ ನಿಂತಾಗ ನನ್ನ ಕಣ್ಣು ಒಣಗಿದ ಟೊಂಗೆ ಹುಡುಕುತ್ತಿರಲಿಲ್ಲ, ದಪ್ಪ ಟೊಂಗೆ ಹುಡುಕುತ್ತಿತ್ತು. ಒಂದು ಟೊಂಗೆ ತೆಗೆದರೆ ಸಾಕಾಗುವ ಕಡೆ ನಾಲ್ಕು ತೆಗೆದೆ. ಕಟ್ಟಿಗೆ ತೂಕಕ್ಕೆ ಮಾರಾಟ ಆಗುತ್ತದೆ, ಅದಕ್ಕೆ.

ಹಾಗೆ ಬೋಳಿಸಿದ ಗಿಡಗಳ ಮುಂದೆ ಈಗಲೂ ಹಾದು ಹೋಗುತ್ತೇನೆ. ಕಡಿದ ಕಡೆಯೆಲ್ಲ ಪೊರಕೆಯ ಹಾಗೆ ಚಿಗುರು ಎದ್ದಿದೆ. ನೋಡಿದವರು ಗಿಡ ಚೆನ್ನಾಗಿ ಚಿಗುರಿದೆ ಅಂತಾರೆ. ಆದರೆ ಆ ಚಿಗುರು ಮೇಲ್ಪದರದಿಂದ ಹುಟ್ಟಿದ್ದು, ಬುಡದಲ್ಲಿ ಹಿಡಿತ ಇಲ್ಲ. ದಪ್ಪ ಆದ ಮೇಲೆ ಮೇ ತಿಂಗಳ ಬಿರುಗಾಳಿಗೆ ಮೊದಲು ಸೀಳಿ ಬೀಳುವುದು ಅವೇ. ಒಂದು ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು. ವಯಸ್ಸಾದ ಗಿಡಕ್ಕೆ ಇನ್ನೂ ಕಡಿಮೆ.

ಈಗ ನಾನು ದಿನದ ಲೆಕ್ಕದಲ್ಲಿ ರೇಟು ಹೇಳುತ್ತೇನೆ. ಕೆಳಗೆ ಹಗ್ಗ ಹಿಡಿಯುವ ಇಬ್ಬರ ಕೂಲಿ, ಟೆಂಪೊ ಬಾಡಿಗೆ, ಪೆಟ್ರೋಲ್, ನನ್ನ ಕೂಲಿ, ಹಗ್ಗ ಬದಲಿಸಲು ತೆಗೆದಿಡುವ ಒಂದು ಪಾಲು. ಕಟ್ಟಿಗೆ ಮನೆಯವರದ್ದು, ಅವರು ಬೇಕಾದರೆ ಮಾರಿಕೊಳ್ಳಲಿ. ಹತ್ತು ಜನರಲ್ಲಿ ಐದಾರು ಮಂದಿ ವಾಪಸ್ ಫೋನ್ ಮಾಡುವುದಿಲ್ಲ. ಆ ದಿನ ಮನಸ್ಸಿಗೆ ಬೇಜಾರು ಆಗುತ್ತದೆ, ನಿಜ. ಆದರೆ ಉಳಿದವರು ವರ್ಷ ವರ್ಷ ಕರೆಯುತ್ತಾರೆ. ನನ್ನ ಮನೆ ನಡೆಯುವುದು ಅವರಿಂದಲೇ.

ಇದು ಯಾಕೆ ಮುಖ್ಯ ಅಂತ ಬೇವಿನ ಮೇಲೆ ಹೇಳುತ್ತೇನೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೇವಿನ ಟೊಂಗೆಗಳ ತುದಿ ಸುಟ್ಟ ಹಾಗೆ ಕಂದಾಗುವುದನ್ನು ನೀನೂ ನೋಡಿರಬೇಕು. ಅದು ಫೋಮಾಪ್ಸಿಸ್ ಅನ್ನುವ ಶಿಲೀಂಧ್ರದ ರೋಗ. ಚಿಗುರಿನ ರಸ ಹೀರುವ ಟೀ ಸೊಳ್ಳೆ ಅನ್ನುವ ತಿಗಣೆಯೂ ಹಾಗೇ ಮಾಡುತ್ತದೆ. ದೀಪಾವಳಿ ಮುಗಿದ ಮೇಲೆ ನನಗೆ ಫೋನ್ ಮೇಲೆ ಫೋನ್: "ಬೇವಿನ ಗಿಡ ಸತ್ತದರಿ, ಕಡೀಲಿಕ್ಕೆ ಬರ್ರಿ." ಹೋಗಿ ಉಗುರಿನಿಂದ ಎಳೆ ಟೊಂಗೆಯ ತೊಗಟೆ ಕೆರೆದು ತೋರಿಸುತ್ತೇನೆ. ಒಳಗೆ ಹಸಿರು ಇದ್ದರೆ ಜೀವ ಇದೆ. ಯುಗಾದಿ ತನಕ ಕಾಯಿರಿ ಅಂತ ಹೇಳಿ ಬರುತ್ತೇನೆ. ಬೇಸಿಗೆ ಹತ್ತಿರ ಬಂದಂತೆ ಹೆಚ್ಚಿನವು ಮತ್ತೆ ಚಿಗುರುತ್ತವೆ. ಕಟ್ಟಿಗೆಗೆ ಬಂದವನು ಈ ಮಾತು ಹೇಳುತ್ತಾನಾ? ಹೇಳಿದರೆ ಅವನಿಗೆ ಆ ದಿನದ ಕೂಲಿ ಇಲ್ಲ. ಹೀಗೆ ನೋಡಿ ಬರುವುದಕ್ಕೂ ನಾನು ಸಣ್ಣ ಫೀಸು ತಗೊಳ್ಳುತ್ತೇನೆ. ನೀನೂ ಮೊದಲ ದಿನದಿಂದಲೇ ತಗೋ, ನಾಚಿಕೆ ಬೇಡ.

ಇನ್ನು ಕೊಯ್ಯುವ ಕ್ರಮ. ಮೊದಲ ವರ್ಷ ಒಂದು ಮಾವಿನ ಗಿಡದ ದಪ್ಪ ಟೊಂಗೆಯನ್ನು ಮೇಲಿನಿಂದ ಒಂದೇ ಸಮನೆ ಕೊಯ್ದೆ. ಪೂರ್ತಿ ಕೊಯ್ಯುವ ಮೊದಲೇ ಭಾರಕ್ಕೆ ಟೊಂಗೆ ಮುರಿದು, ಬೊಡ್ಡೆಯ ತೊಗಟೆಯನ್ನು ಎರಡು ಅಡಿ ಸುಲಿದುಕೊಂಡು ಬಿತ್ತು. ಆ ಗಾಯ ಆಮೇಲೆ ಪೊಟರೆ ಆಯಿತು. ತಪ್ಪು ನನ್ನದೇ. ದಪ್ಪ ಟೊಂಗೆಗೆ ಮೂರು ಕೊಯ್ತ ಬೇಕು. ಬೊಡ್ಡೆಯಿಂದ ಒಂದು ಅಡಿ ಆಚೆ ಕೆಳಗಿನಿಂದ ಕಾಲು ಭಾಗದಷ್ಟು ಕೊಯ್ಯಿ. ಅದಕ್ಕಿಂತ ಎರಡು ಮೂರು ಇಂಚು ಆಚೆ ಮೇಲಿನಿಂದ ಕೊಯ್ಯಿ, ಭಾರ ಇಳಿದು ಹೋಗುತ್ತದೆ. ಉಳಿದ ಮೋಟನ್ನು ಕೊನೆಗೆ ತೆಗೆ. ಟೊಂಗೆ ಬೊಡ್ಡೆಗೆ ಕೂಡುವಲ್ಲಿ ಬಳೆಯ ಹಾಗೆ ಉಬ್ಬಿದ ಜಾಗ ಇರುತ್ತದೆ. ಆ ಬಳೆಗೆ ಗರಗಸ ತಾಗಬಾರದು, ಅದರ ಹೊರಗೇ ಕೊಯ್ಯಬೇಕು. ಗಾಯ ಮುಚ್ಚುವುದು ಆ ಬಳೆಯೇ. ಅಮೆರಿಕದ ಅಲೆಕ್ಸ್ ಶೈಗೊ ಅನ್ನುವ ವಿಜ್ಞಾನಿ ಸಾವಿರಾರು ಗಿಡ ಸೀಳಿ ನೋಡಿ ತೋರಿಸಿದ್ದು ಇದನ್ನೇ: ಗಿಡದ ಗಾಯ ನಮ್ಮ ಚರ್ಮದ ಹಾಗೆ ಮಾಯುವುದಿಲ್ಲ, ಗಿಡ ಅದರ ಸುತ್ತ ಗೋಡೆ ಕಟ್ಟಿ ಕೊಳೆತವನ್ನು ತಡೆಯುತ್ತದೆ. ಅದಕ್ಕೇ ಕೊಯ್ದ ಜಾಗಕ್ಕೆ ಪೇಂಟು, ಡಾಂಬರು ಬಳಿಯುವುದು ಬೇಡ.

ಕರೆಂಟಿನ ವಿಷಯದಲ್ಲಿ ಮಾತ್ರ ಯಾರ ಮಾತಿಗೂ ಬಗ್ಗಬೇಡ. ತಂತಿಗೆ ಹತ್ತು ಅಡಿ ಒಳಗೆ ಟೊಂಗೆ ಇದ್ದರೆ ಲೈನ್‌ಮನ್ ಬಂದು ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಆ ಲೈನ್ ಬಂದ್ ಮಾಡಿಸಿದ ಅನುಮತಿ) ತಗೊಂಡ ಮೇಲೆಯೇ ಹತ್ತು. "ಈಗ ಕರೆಂಟ್ ಇಲ್ಲ, ಲಗೂನ ಮುಗಿಸು" ಅಂತ ಮನೆಯವರು ಅವಸರ ಮಾಡುತ್ತಾರೆ. ಕರೆಂಟ್ ಹೋಗುವುದು ಬೇರೆ, ಲೈನ್ ಬಂದ್ ಮಾಡಿಸುವುದು ಬೇರೆ. ಹೋದ ಕರೆಂಟ್ ಯಾವ ಗಳಿಗೆಯಲ್ಲಾದರೂ ಬರುತ್ತದೆ. ಹಸಿ ಟೊಂಗೆಯಲ್ಲೂ ಅದು ಹರಿಯುತ್ತದೆ.

ಪೂರ್ತಿ ಗಿಡ ಕಡಿಯಲು ಕರೆದರೆ, ಅರಣ್ಯ ಇಲಾಖೆಯ ಅನುಮತಿ ಕಾಗದ ನೋಡದೆ ಕೊಡಲಿ ಎತ್ತಬೇಡ. 1976ರ ವೃಕ್ಷ ಸಂರಕ್ಷಣೆ ಕಾಯ್ದೆ ಇದೆ. ನೀಲಗಿರಿ, ಸುಬಾಬುಲ್ ಅಂಥ ಕೆಲವಕ್ಕೆ ವಿನಾಯಿತಿ ಇದೆ, ಬೇವು ಹುಣಸೆಗೆ ಬೇಕೇ ಬೇಕು.

ದಿನ ಹೇಗಿರುತ್ತದೆ ಅಂದರೆ, ನಮ್ಮ ಬಿಸಿಲು ನಿನಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಆಫೀಸುಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ನಾವು 6ಕ್ಕೆ ಹತ್ತಿ 10:30ಕ್ಕೆ ಇಳಿದಿರಬೇಕು. ಹತ್ತುವ ಮೊದಲು ಗಿಡದ ಸುತ್ತ ಎರಡು ಸುತ್ತು ಹಾಕು. ಬುಡದಲ್ಲಿ ಅಣಬೆ ಇದೆಯಾ, ಬೊಡ್ಡೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದಾ, ಮೇಲೆ ಹೆಜ್ಜೇನು ಇದೆಯಾ. ಹೆಜ್ಜೇನು ಇದ್ದರೆ ಅವತ್ತಿನ ಕೆಲಸ ಬಿಟ್ಟುಬಿಡು. ಅವು ಕಾಲಕ್ಕೆ ತಕ್ಕಂತೆ ತಾವೇ ಜಾಗ ಬಿಟ್ಟು ಹೋಗುತ್ತವೆ, ಆಗ ಬರೋಣ ಅಂತ ಹೇಳು. ಒಮ್ಮೆ ಮಷಿನ್ ಸದ್ದಿಗೆ ಎದ್ದ ಹುಳ ನನ್ನ ಜೊತೆಗಾರನನ್ನು ಮೂರು ದಿನ ಆಸ್ಪತ್ರೆಯಲ್ಲಿ ಮಲಗಿಸಿದವು. ಆ ಮೂರು ದಿನ ನನಗೆ ನಿದ್ದೆ ಬರಲಿಲ್ಲ.

ನೆಲವನ್ನೂ ನೋಡು. ನಮ್ಮ ಕರಿ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರನ್ನು ಹರಿದು ಹಾಕುತ್ತದೆ, ಮಳೆಗೆ ಉಬ್ಬಿ ಮೆತ್ತಗಾಗುತ್ತದೆ. ಚರಂಡಿಗೆ ಅಂತ ಒಂದು ಕಡೆಯ ಬೇರು ಕಡಿದಿದ್ದರೆ ಗಿಡ ವಾಲುವುದು ಆಗಲೇ. ಅಂಗಳದಲ್ಲಿ ಶಹಾಬಾದ್ ಫರ್ಸಿ ಕಲ್ಲನ್ನು ಬೊಡ್ಡೆಗೆ ತಾಗಿಸಿ ಹಾಕಿ ಸಿಮೆಂಟ್ ಮೆತ್ತಿದ ಮನೆಗಳು ನಮ್ಮಲ್ಲಿ ತುಂಬಾ ಇವೆ. ನೀರು, ಗಾಳಿ ಎರಡೂ ಬೇರಿಗೆ ಇಳಿಯುವುದಿಲ್ಲ. ಎಷ್ಟೋ ಸಲ ನಾನು ಹತ್ತದೇ, ಸುತ್ತ ಮೂರು ಅಡಿ ಫರ್ಸಿ ಕಿತ್ತು ಮಣ್ಣು ಬಿಡಿಸಿ ಬಂದಿದ್ದೇನೆ. ಅದೂ ಗಿಡದ ಕೆಲಸವೇ, ಅಲ್ವಾ.

ಒಳ್ಳೆಯ ದಿನವನ್ನೂ ಹೇಳಬೇಕು. ಆಳಂದ ರಸ್ತೆ ಕಡೆಯ ಒಂದು ಹಳ್ಳಿಯಲ್ಲಿ ಪ್ರತಿ ವರ್ಷ ನಾಗರ ಪಂಚಮಿಗೆ ಮೊದಲು ಒಬ್ಬ ಅವ್ವ ಕರೆಸುತ್ತಾಳೆ. ಕಡಿಯಲು ಅಲ್ಲ. ಜೋಕಾಲಿ ಕಟ್ಟುವ ಬೇವಿನ ಟೊಂಗೆ ಗಟ್ಟಿ ಇದೆಯಾ ಅಂತ ನೋಡಲು. ಹತ್ತಿ ನೋಡಿ, ಒಣ ಕಡ್ಡಿ ತೆಗೆದು, ಹಗ್ಗ ಉಜ್ಜುವ ಕಡೆ ಗೋಣಿಚೀಲ ಸುತ್ತಿ ಬರುತ್ತೇನೆ. ಮನೆಗೆ ಬಂದ ಹೆಣ್ಣುಮಕ್ಕಳು ಆ ಟೊಂಗೆಗೆ ಜೀಕುವುದನ್ನು ನಿಂತು ನೋಡಿದ್ದೇನೆ. ಅವ್ವ ಕೊಡುವ ಶೇಂಗಾ ಉಂಡಿ ಕಟ್ಟಿಕೊಂಡು ಬರುವಾಗ ವರ್ಷದ ದಣಿವು ನೆನಪಿರುವುದಿಲ್ಲ.

ಮಷಿನ್ ಈಗಲೇ ಕೊಳ್ಳಬೇಡ. ಮೊದಲ ವರ್ಷ ಒಳ್ಳೆ ಕೈಗರಗಸ, ಹೆಲ್ಮೆಟ್, ಹಾರ್ನೆಸ್ (ಸೊಂಟ, ತೊಡೆಗೆ ಕಟ್ಟಿಕೊಳ್ಳುವ ಪಟ್ಟಿ), ಗಿಡ ಹತ್ತಲೆಂದೇ ಮಾಡಿದ 12 ಮಿ.ಮೀ. ಹಗ್ಗ ಇಷ್ಟು ಕೊಳ್ಳು. ಬಾವಿಗೆ ಬಳಸಿದ ನೈಲಾನ್ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಹತ್ತಬೇಡ. ಹುಣಸೆ ಬಡಿಯುವಾಗ ಎರಡೂ ಕೈ ಕೋಲಿನ ಮೇಲೆ ಇಟ್ಟು ಕಾಲಿನಲ್ಲೇ ನಿಲ್ಲುವ ರೂಢಿ ನಿನಗೆ ಇರಬಹುದು. ಗರಗಸ ಹಿಡಿದಾಗ ಆ ರೂಢಿ ಬಿಡಬೇಕು, ಎರಡು ಕಡೆ ಕಟ್ಟಿಕೊಂಡೇ ಕೊಯ್ಯಬೇಕು. ಕೆಳಗೆ ಒಬ್ಬರಾದರೂ ಇಲ್ಲದೆ ಹತ್ತಲೇಬೇಡ.

ಮುಂದಿನ ಭಾನುವಾರ ಜೇವರ್ಗಿ ರಸ್ತೆಯಲ್ಲಿ ಒಂದು ಹುಣಸೆ ಗಿಡದ ಕೆಲಸ ಇದೆ. ಬರುವುದಾದರೆ ಶನಿವಾರ ರಾತ್ರಿಯೇ ಬಂದುಬಿಡು, ಮನೆಯಲ್ಲೇ ಮಲಗು. ತುಂಬು ತೋಳಿನ ಅಂಗಿ, ಬೂಟು ತಾ. ಮೊದಲ ದಿನ ಕೆಳಗೆ ಹಗ್ಗ ಹಿಡಿ, ಕೂಲಿ ಕೊಡುತ್ತೇನೆ.