ಹಳೆಯ ಟ್ರೌಟ್ ಫ್ಲೈಗಳು ಅಷ್ಟು ಬಡಕಲಾಗಿರುವುದು ಏಕೆ?

ಹಳೆಯ ಕಿಟ್‌ನಲ್ಲಿ ಸಿಕ್ಕ ಫ್ಲೈಗೆ (ಟ್ರೌಟ್ ಮೀನು ಹಿಡಿಯಲು ಗಾಳಕ್ಕೆ ದಾರ, ಗರಿ ಕಟ್ಟಿ ಮಾಡಿದ ನಕಲಿ ಹುಳು) ಎರಡೇ ಸುತ್ತು ಗರಿ ಇದೆ, ಅರ್ಧಕ್ಕೇ ಬಿಟ್ಟಿದ್ದಾರಾ ಎಂದು ಕೇಳಿದ್ದೀರಿ. ಇಲ್ಲ, ಬೇಕೆಂದೇ ಹಾಗೆ ಕಟ್ಟಿದ್ದಾರೆ. ಇದು ಉತ್ತರ ಇಂಗ್ಲೆಂಡಿನ 'ಸ್ಪೈಡರ್' ಶೈಲಿ. ಯಾರ್ಕ್‌ಷೈರ್‌ನ ರಭಸದ ನದಿಗಳಿಗೆ ಹೇಳಿ ಮಾಡಿಸಿದ್ದು.

ಗುಟ್ಟೆಲ್ಲ ಗರಿಯ ಚಲನೆಯಲ್ಲಿದೆ. ಕೌಜುಗದ ಮೆತ್ತನೆ ಗರಿಯ ಎಳೆಗಳು ವಿರಳವಾಗಿದ್ದರೆ ಹರಿವಿಗೆ ಒಂದೊಂದೂ ಬೇರೆಬೇರೆಯಾಗಿ ಮಿಡಿಯುತ್ತವೆ. ನೀರೊಳಗಿಂದ ಮೇಲೇರುತ್ತ ಪೊರೆ ಕಳಚಲು ಒದ್ದಾಡುವ ಕೀಟ ಟ್ರೌಟ್‌ಗೆ ಕಾಣುವುದೂ ಹಾಗೇ. ಗರಿ ದಟ್ಟವಾದರೆ ಎಳೆಗಳು ಒತ್ತೊತ್ತಾಗಿ ಪೊರಕೆಯಂತೆ ಬಿಗಿದುಕೊಳ್ಳುತ್ತವೆ. ಫ್ಲೈ ಸುಲಭವಾಗಿ ಮುಳುಗುವುದೂ ಇಲ್ಲ.

ಇನ್ನು ಮೈಗೆ ಸುತ್ತಿದ ರೇಷ್ಮೆ. 'ಪಾರ್ಟ್ರಿಜ್ ಅಂಡ್ ಆರೆಂಜ್' ಎಂಬ ಪ್ರಸಿದ್ಧ ಫ್ಲೈ ಒಣಗಿದ್ದಾಗ ಕಣ್ಣಿಗೆ ಹೊಡೆಯುವ ಕಿತ್ತಳೆ. ಒಮ್ಮೆ ಲೋಟದ ನೀರಲ್ಲಿ ಅದ್ದಿ ನೋಡಿ: ರೇಷ್ಮೆ ನೀರು ಕುಡಿದು ಅರೆಪಾರದರ್ಶಕವಾಗಿ, ಒಳಗಿನ ಗಾಳದ ಕಪ್ಪು ಹಾಯ್ದು, ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಪಾಲಿಯೆಸ್ಟರ್ ದಾರ ನೀರು ಹೀರದ್ದರಿಂದ ಅದರಲ್ಲಿ ಈ ಆಟ ನಡೆಯದು. ಹಾಗಾಗಿ ಇವುಗಳ ಅಂದವನ್ನು ಒಣಗಿದಾಗ ಅಳೆಯುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಅಂದಹಾಗೆ, ಗಾಳಕ್ಕೆ ದಾರ ಪೋಣಿಸುವ ಕಣ್ಣಿಲ್ಲದೆ, ರೇಷ್ಮೆಹುಳುವಿನ ಗ್ರಂಥಿಯಿಂದ ಎಳೆದ 'ಗಟ್' ದಾರ ಸೇರಿಸಿ ಕಟ್ಟಿದ್ದರೆ ಅದರಿಂದ ಮೀನು ಹಿಡಿಯಲು ಹೋಗಬೇಡಿ. ಹಳೆಯ ಗಟ್ ಒಣಗಿ ಪೆಡಸಾಗಿ ಪಟಕ್ಕನೆ ತುಂಡಾಗುತ್ತದೆ.