ಏಳು ಗಂಟೆ ಆದರೆ ಕಚ್ಚುವ ಮರಿ

ನಾಯಿ ಸಾಕುವವರ ಮನೆಗೆ ಹೋಗಿ ಸಲಹೆ ಕೊಡುವುದು ನನ್ನ ಕೆಲಸ. ಜನ ಟ್ರೇನರ್ ಅಂತಾರೆ. ಅನ್ನಲಿ, ಪರವಾಗಿಲ್ಲ. ಆದರೆ ನಾಯಿಗೆ ಕಲಿಸುವುದಕ್ಕಿಂತ ಮನೆಯವರ ಜೊತೆ ಕೂತು ಮಾತಾಡುವುದೇ ನನಗೆ ಜಾಸ್ತಿ. ಬರುವ ಫೋನುಗಳೆಲ್ಲ ಹೆಚ್ಚುಕಮ್ಮಿ ಒಂದೇ ದೂರು ಹೇಳುತ್ತವೆ. ಮರಿ ಕಚ್ಚುತ್ತೆ, ಬಟ್ಟೆ ಹಿಡಿದು ಎಳೆಯುತ್ತೆ, ಹೇಳಿದ ಮಾತು ಕೇಳಲ್ಲ, ಇದಕ್ಕೆ ಕೊಬ್ಬು ಬಂದಿದೆ. ನನ್ನನ್ನು ಕರೆಯುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಮರಿಗೆ ಏಟು ಬಿದ್ದು, ಅದರಿಂದಲೂ ಪ್ರಯೋಜನ ಆಗಿರುವುದಿಲ್ಲ. ಈ ಪ್ರಕರಣ ಬರೆಯುತ್ತಿರುವುದು ಅದಕ್ಕೇ.

ಮೈಸೂರಿನ ಒಂದು ಬಡಾವಣೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನಾಯಿಯ ಹೆಸರನ್ನೂ ಬದಲಿಸಿದ್ದೇನೆ, ಯಾಕೆಂದರೆ ನಮ್ಮ ಬೀದಿಗಳಲ್ಲಿ ಮನೆಯವರ ಹೆಸರು ಗೊತ್ತಿಲ್ಲದವರಿಗೂ ನಾಯಿ ಹೆಸರು ಗೊತ್ತಿರುತ್ತೆ. ಇಲ್ಲಿ ಅವನನ್ನು ಬ್ರೂನೋ ಅನ್ನೋಣ. ಐದು ತಿಂಗಳ ಲ್ಯಾಬ್ರಡಾರ್ ಗಂಡು. ಮನೆಯಲ್ಲಿ ಅಜ್ಜ, ಅಜ್ಜಿ, ಗಂಡ, ಹೆಂಡತಿ, ಒಂಬತ್ತು ವರ್ಷದ ಮಗಳು. ಹೆಂಡತಿ ಸಂಜೆ ಮನೆಯಲ್ಲೇ ಟ್ಯೂಷನ್ ಮಾಡುತ್ತಾರೆ.

ಮರಿಯನ್ನು ತಂದಾಗ ಅದಕ್ಕೆ 35 ದಿನ. ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ ಎಂದು 2017ರ ಕೇಂದ್ರದ ನಿಯಮವೇ ಹೇಳುತ್ತೆ. ಕೇಳೋರು ಯಾರು? ಕೊಳ್ಳುವವರಿಗೂ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮರಿಯೇ ಬೇಕು. ಆದರೆ ಎಷ್ಟು ಒತ್ತಿ ಕಚ್ಚಿದರೆ ನೋಯುತ್ತೆ ಅಂತ ಮರಿ ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಆಡುವಾಗ. ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕುಂಯ್ ಅಂದು ಆಟ ಬಿಟ್ಟು ಹೋಗುತ್ತೆ. ಬ್ರೂನೋ ಆ ಪಾಠ ಮುಗಿಯುವ ಮೊದಲೇ ಮೈಸೂರಿಗೆ ಬಂದಿದ್ದ. ಸಾಲದ್ದಕ್ಕೆ ಐದು ತಿಂಗಳು ಅಂದರೆ ಹಲ್ಲು ಬದಲಾಗುವ ವಯಸ್ಸು. 28 ಹಾಲುಹಲ್ಲು ಬಿದ್ದು 42 ಹೊಸ ಹಲ್ಲು ಬರಬೇಕು. ಸುಮಾರು ನಾಲ್ಕನೇ ತಿಂಗಳಿಂದ ಏಳನೇ ತಿಂಗಳವರೆಗೂ ವಸಡು ಕಡಿಯುತ್ತಲೇ ಇರುತ್ತೆ. ಅದರಲ್ಲೂ ಲ್ಯಾಬ್ರಡಾರ್ ಅಂದರೆ ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಬಾಯಲ್ಲಿ ಎತ್ತಿ ತರಲೆಂದೇ ಬೆಳೆಸಿದ ತಳಿ. ಬಾಯಿಗೆ ಏನಾದರೂ ಬೇಕೇ ಬೇಕು.

ಫೋನ್ ಮಾಡಿದ್ದು ಹೆಂಡತಿ. ಮಗಳು ಏಳು ಗಂಟೆ ಆದ ಮೇಲೆ ನೆಲಕ್ಕೆ ಕಾಲಿಡುವುದಿಲ್ಲ, ಹೋಂವರ್ಕ್ ಸೋಫಾ ಮೇಲೆಯೇ, ಊಟವೂ ಅಲ್ಲೇ ಅಂದರು. ಮಾವನವರ ಪಂಚೆಗಳೆಲ್ಲ ಅಂಚು ಹರಿದಿವೆ. ಅಜ್ಜ ಪೇಪರ್ ಸುರುಳಿ ಸುತ್ತಿ ಮೂತಿಗೆ ಹೊಡೆದು ನೋಡಿದ್ದರು. ಗಂಡ ಯಾವುದೋ ವಿಡಿಯೋ ನೋಡಿ, ಮರಿಯನ್ನು ಬೆನ್ನ ಮೇಲೆ ಕೆಡವಿ, ಕತ್ತು ಒತ್ತಿ ಹಿಡಿದು, 'ಯಾರು ಬಾಸ್ ಅಂತ ತೋರಿಸಿದ್ದರು'. ಅದಾದ ಮೇಲೆ ಕೊರಳಪಟ್ಟಿಗೆ ಕೈ ಹಾಕಲು ಹೋದರೆ ಬ್ರೂನೋ ಗುರ್ ಅನ್ನಲು ಶುರು ಮಾಡಿದ್ದ. ನನಗೆ ಚಿಂತೆ ಆಗಿದ್ದು ಪಂಚೆಯ ವಿಷಯಕ್ಕಲ್ಲ, ಈ ಗುರ್‌ಗೆ.

ನಾನು ಹೋಗುವುದೇ ದೂರು ಬರುವ ಹೊತ್ತಿಗೆ. ಬೆಳಗ್ಗೆ ಹತ್ತಕ್ಕೆ ಹೋದರೆ ಎಲ್ಲ ಮರಿಗಳೂ ಸಾಧುವೇ. ಹಾಗಾಗಿ ಸಂಜೆ ಆರೂವರೆಗೆ ಹೋಗಿ, ನನ್ನ ಪಾಡಿಗೆ ನಾನು ಕೂತಿರುತ್ತೇನೆ, ನೀವು ದಿನಾ ಇರುವ ಹಾಗೆ ಇರಿ ಅಂದೆ.

ಟ್ಯೂಷನ್ ಮುಗಿಯಿತು. ಹೋಗುವ ಪ್ರತಿ ಮಗುವೂ ಬಾಗಿಲಲ್ಲಿ ಬ್ರೂನೋನ ತಲೆ ತಟ್ಟಿ, ಕಿವಿ ಎಳೆದು, ಬಾಯ್ ಹೇಳಿ ಹೋಯಿತು. ಅಷ್ಟರಲ್ಲಿ ಗಂಡನ ಬೈಕ್ ಸದ್ದು. ಬಂದವರೇ ಬ್ಯಾಗ್ ಬಿಸಾಕಿ ನೆಲದ ಮೇಲೆ ಕೂತು, ಕೈಯನ್ನೇ ಮರಿಯ ಬಾಯಿಗೆ ಕೊಟ್ಟು ಕುಸ್ತಿ ಶುರು ಮಾಡಿದರು. ಪಾಪ, ದಿನವಿಡೀ ಕಾದಿದ್ದು ಅವರೂ ಅದಕ್ಕೇ. ಐದು ನಿಮಿಷದಲ್ಲಿ ಬ್ರೂನೋನ ಕಣ್ಣು ಅಗಲವಾಯಿತು, ಕಿವಿ ಹಿಂದಕ್ಕೆ ಹೋಯಿತು. ಸೋಫಾ ಸುತ್ತ ಎರಡು ಸುತ್ತು ಓಡಿ, ಟೀಪಾಯಿಗೆ ಗುದ್ದಿ, ಅಲ್ಲಿಂದ ಸೀದಾ ಅಜ್ಜನ ಪಂಚೆಗೆ ಬಾಯಿ ಹಾಕಿದ. ಅಜ್ಜ ಪೇಪರ್ ಎತ್ತಿದರು. ಬ್ರೂನೋ ಪೇಪರನ್ನೇ ಕಚ್ಚಿದ. ಮಗಳು ಕಿರುಚಿ ಎರಡೂ ಕೈ ಮೇಲೆತ್ತಿದಳು. ಮೇಲಕ್ಕೆ ಹೋದ ಕೈಗೆ ಮರಿ ಹಾರದೆ ಇರುತ್ತಾ? ಒಬ್ಬರು ನೋ ಅಂತಾರೆ, ಒಬ್ಬರು ಬಿಡೋ ಅಂತಾರೆ, ಒಬ್ಬರು ಥೂ ಅಂತಾರೆ. ಮರಿಯ ಲೆಕ್ಕದಲ್ಲಿ ಎಲ್ಲರೂ ಸೇರಿ ಬೊಗಳುತ್ತಿದ್ದಾರೆ, ಅಷ್ಟೇ.

ಅಜ್ಜಿ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾಯಿ ವಿಷಯದಲ್ಲಿ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ತಲೆ ಎತ್ತದೆ ಹೇಳಿದರು: "ಅದಕ್ಕೆ ನಿದ್ದೆ ಬಂದಿದೆ ಕಣಮ್ಮ. ಇವನೂ ಚಿಕ್ಕವನಿದ್ದಾಗ ಹಿಂಗೇ. ಸಂಜೆ ಆದ್ರೆ ಪರಚೋದು, ಹಠ ಮಾಡೋದು. ಮಲಗಿಸಿದ್ರೆ ಸರಿಹೋಗೋನು." ಇವನು ಅಂದರೆ ನೆಲದ ಮೇಲೆ ಕೂತಿದ್ದ ಮಗ.

ನಾನು ಹೇಳಬೇಕಿದ್ದದ್ದನ್ನು ಅವರೇ ಹೇಳಿಬಿಟ್ಟರು. ಒಂದು ಹಾಳೆ ಕೇಳಿ ಬ್ರೂನೋನ ದಿನ ಬರೆಸಿದೆ. ಬೆಳಗ್ಗೆ ಐದೂವರೆಗೆ ಅಜ್ಜ ಹಾಲಿಗೆ ಏಳುತ್ತಾರೆ, ಇವನೂ ಏಳುತ್ತಾನೆ. ಆಮೇಲೆ ಹೂವಿನವಳು, ಸ್ಕೂಲ್ ಆಟೋ, ಕೆಲಸದವರ ಜೊತೆ ಮಾಪಿಗಾಗಿ ಜಗಳ, ಕುಕ್ಕರ್ ವಿಷಲ್, ಕೊರಿಯರ್ ಬೆಲ್. ಮಧ್ಯಾಹ್ನ ಒಂದಿಷ್ಟು ಬಿದ್ದುಕೊಂಡರೆ ಮೂರೂಮುಕ್ಕಾಲಿಗೆ ಮಗಳು ಬಂದು ಎಬ್ಬಿಸುತ್ತಾಳೆ. ಐದರಿಂದ ಏಳು ಟ್ಯೂಷನ್ ಮಕ್ಕಳು. ರಾತ್ರಿ ಟಿವಿ ಆಫ್ ಆಗುವುದು ಹನ್ನೊಂದಕ್ಕೆ. ಎಲ್ಲ ಕೂಡಿಸಿದರೆ ನಿದ್ದೆ ಹತ್ತು ಗಂಟೆ ಆಗಲಿಲ್ಲ. ಈ ವಯಸ್ಸಿನ ಮರಿಗೆ 16ರಿಂದ 18 ಗಂಟೆ ಬೇಕು.

ಅಜ್ಜನಿಗೆ ಇದು ಒಪ್ಪಿಗೆಯಾಗಲಿಲ್ಲ. "ನೋಡಮ್ಮ, ನಮ್ಮ ಊರಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ಮುದ್ದೆ ಹಾಕಿದ್ರೆ ತಿಂದ್ಕೊಂಡು ಬಿದ್ದಿರೋದು. ಅದಕ್ಕೆ ಯಾರೂ ಟೈಂಟೇಬಲ್ ಬರೆದಿರಲಿಲ್ಲ. ಒಂದು ದಿನ ಒಬ್ಬರನ್ನ ಕಚ್ಚಲಿಲ್ಲ."

"ಮಧ್ಯಾಹ್ನ ಎಲ್ಲಿ ಮಲಗೋದು ಸಾರ್ ಕರಿಯ?"

"ಗಾಡಿ ಕೆಳಗೆ."

"ಮಕ್ಕಳು ಹೋಗಿ ಕಾಟ ಕೊಟ್ಟರೆ?"

"ಎದ್ದು ಕಣದ ಕಡೆ ಹೋಗಿಬಿಡೋದು."

"ಇವನು ಎಲ್ಲಿಗೆ ಹೋಗ್ಬೇಕು ಸಾರ್?"

ಅಜ್ಜ ಉತ್ತರ ಕೊಡಲಿಲ್ಲ. ಕೊಟ್ಟಿದ್ದು ಸೊಸೆ. "ಸೋಫಾ ಕೆಳಗೆ ಹೋಗ್ತಾನೆ ಮೇಡಂ. ನಾವೇ ಎಳ್ಕೊಂಡು ಬರ್ತೀವಿ. ಟ್ಯೂಷನ್ ಮಕ್ಕಳು ನೋಡ್ಬೇಕು ಅಂತಾರಲ್ಲ."

ಈ ಮಾತು ಅವರ ಬಾಯಿಂದಲೇ ಬಂದಿದ್ದು ಒಳ್ಳೆಯದಾಯಿತು. ನಾನು ಹೇಳಿದ್ದರೆ ತಪ್ಪು ಹೊರಿಸಿದ ಹಾಗೆ ಆಗುತ್ತಿತ್ತು. ಹಳ್ಳಿಯ ನಾಯಿ ಒಳ್ಳೆಯದು, ಪೇಟೆಯ ನಾಯಿ ಕೊಬ್ಬಿದ್ದು ಅಂತೇನಿಲ್ಲ. ಕರಿಯನಿಗೆ ಸಾಕು ಅನ್ನಿಸಿದಾಗ ಎದ್ದು ಹೋಗಲು ಜಾಗ ಇತ್ತು. ಬ್ರೂನೋಗೆ ಇದ್ದದ್ದು ಹಲ್ಲು ಮಾತ್ರ.

ನಾನು ಕೊಟ್ಟ ಮೊದಲ ಸಲಹೆ ಅವರಿಗೆ ಕ್ರೌರ್ಯದ ಹಾಗೆ ಕೇಳಿಸಿತು. ಅಡುಗೆಮನೆ ಪಕ್ಕದ ಯುಟಿಲಿಟಿಗೆ ಚಿಕ್ಕ ಗೇಟ್ ಹಾಕಿಸಿ. ಅಲ್ಲಿ ಹಾಸಿಗೆ, ನೀರು ಇಡಿ. ಒಂದು ಗಂಟೆ ಎಚ್ಚರ ಇದ್ದರೆ ಎರಡು ಗಂಟೆ ಅಲ್ಲಿ ಮಲಗಲಿ. ಟ್ಯೂಷನ್ ಹೊತ್ತಿಗೆ ಅವನು ಒಳಗೆ, ಮಕ್ಕಳು ಹೊರಗೆ. ಅಲ್ಲಿದ್ದಾಗ ಯಾರೂ ಮುಟ್ಟುವ ಹಾಗಿಲ್ಲ. "ಮರೀನ ಕೂಡಿಹಾಕೋದಾ?" ಅಂತ ಗಂಡ ಬೇಜಾರು ಮಾಡಿಕೊಂಡರು. ಈ ಪ್ರಶ್ನೆ ನನಗೆ ಹೊಸದಲ್ಲ. ಕತ್ತು ಒತ್ತಿ ಹಿಡಿಯುವುದು ತಿದ್ದುವುದು, ನೆಮ್ಮದಿಯಾಗಿ ಮಲಗಲು ಜಾಗ ಕೊಡುವುದು ಶಿಕ್ಷೆ ಅಂತ ಜನ ಹೇಗೆ ತೀರ್ಮಾನಿಸುತ್ತಾರೋ ನನಗೆ ಅರ್ಥ ಆಗಿಲ್ಲ. ಒಂದು ಷರತ್ತು ಮಾತ್ರ ಹಾಕುತ್ತೇನೆ: ಬೈದು ಒಳಗೆ ತಳ್ಳಬಾರದು. ತಿನ್ನಲು ಏನಾದರೂ ಕೊಟ್ಟು, ಹತ್ತಿರ ಕೂತು, ಮೊದಮೊದಲು ಗೇಟ್ ತೆರೆದೇ ಇಟ್ಟು ರೂಢಿ ಮಾಡಿಸಬೇಕು. ಹೆದರಿ ಒದ್ದಾಡುವ ಮರಿಯನ್ನು ಹಾಗೇ ಬಿಟ್ಟು ಬರಬಾರದು.

ಎರಡನೆಯದು ಗಂಡನಿಗೆ. ಕೈ ಆಟದ ಸಾಮಾನಲ್ಲ. ಆಡಲು ಹಗ್ಗ ಇರಲಿ. ಹಲ್ಲು ಚರ್ಮಕ್ಕೆ ತಾಗಿದ ಕ್ಷಣ ಆಟ ಬಂದ್. ಕೈ ಸರ್ರನೆ ಎಳೆದರೆ ಅದು ಅವನಿಗೆ ಇನ್ನೂ ಮಜಾ, ಹಾಗಾಗಿ ಕೈ ಸಡಿಲ ಬಿಟ್ಟು, ಮುಖ ತಿರುಗಿಸಿ, ಎದ್ದು ಗೇಟಿನಾಚೆ ಹೋಗಿ. ಅರ್ಧ ನಿಮಿಷ ಸಾಕು. ಆಮೇಲೆ ಏನೂ ಆಗದವರ ಹಾಗೆ ವಾಪಸ್ ಬನ್ನಿ. ಮನೆಯಲ್ಲಿ ಒಬ್ಬರು ಬಿಟ್ಟು ಎಲ್ಲರೂ ಇದನ್ನು ಪಾಲಿಸಿದರೆ, ಮರಿ ಕಲಿಯುವುದು ಆ ಒಬ್ಬರ ಹತ್ತಿರವೇ.

ಕಡಿಯಲು ಫ್ರಿಜ್ಜಿನಲ್ಲಿಟ್ಟ ಇಡೀ ಕ್ಯಾರೆಟ್, ಒದ್ದೆ ಮಾಡಿ ಗಂಟು ಹಾಕಿ ಫ್ರೀಜರ್‌ನಲ್ಲಿಟ್ಟ ಹಳೇ ಟವಲ್. ಎರಡೂ ನಿಮ್ಮ ಕಣ್ಣೆದುರಿಗೇ ಇರಲಿ, ತುಂಡು ಮಾಡಿ ನುಂಗಲು ಹೋದರೆ ತೆಗೆದುಬಿಡಿ. ಬೇಯಿಸಿದ ಮಟನ್ ಮೂಳೆ ಬೇಡ, ಸೀಳಿ ಚೂಪಾಗಿ ಒಳಗೆ ಚುಚ್ಚುತ್ತೆ. ಅಜ್ಜನಿಗೆ ಒಂದು ಕೆಲಸ ಕೊಟ್ಟೆ. ಮರಿ ತಿನ್ನುವ ಒಣ ಆಹಾರದ ಕಾಳನ್ನೇ ಒಂದು ಹಿಡಿ ಜುಬ್ಬದ ಜೇಬಿನಲ್ಲಿ ಇಟ್ಟುಕೊಳ್ಳಿ. ಅವನು ಪಂಚೆ ಕಡೆ ಬರುವಾಗಲೇ, ಬಾಯಿ ಹಾಕುವ ಮೊದಲೇ, ನಾಲ್ಕು ಕಾಳು ನೆಲಕ್ಕೆ ಚೆಲ್ಲಿ. ಮೂಸಿ ಹುಡುಕುತ್ತ ತಣ್ಣಗಾಗುತ್ತಾನೆ. ಅಜ್ಜ "ಲಂಚ ಕೊಡೋದಾ?" ಅಂದರು. ಸಂಬಳ ಅಂದುಕೊಳ್ಳಿ ಸಾರ್ ಅಂದೆ.

'ಬಾಸ್' ವಿಷಯಕ್ಕೆ ಬರೋಣ, ಇದು ಪ್ರತಿ ಮನೆಯಲ್ಲೂ ಬರುತ್ತೆ. ನಾಯಿ ತೋಳದ ವಂಶ, ಹಾಗಾಗಿ ಯಜಮಾನ ಯಾರು ಅಂತ ಅದಕ್ಕೆ ತೋರಿಸಲೇಬೇಕು ಅನ್ನುತ್ತಾರೆ. ತೋಳಗಳು ಸದಾ ಯಜಮಾನಿಕೆಗೆ ಹೊಡೆದಾಡುತ್ತವೆ ಎಂಬ ಮಾತಿನ ಮೂಲ 1947ರಲ್ಲಿ ಪ್ರಾಣಿಶಾಸ್ತ್ರಜ್ಞ ರುಡಾಲ್ಫ್ ಶೆಂಕೆಲ್ ಬರೆದ ವರದಿ. ಆತ ನೋಡಿದ್ದು ಮೃಗಾಲಯದಲ್ಲಿ ಕೂಡಿಟ್ಟ ತೋಳಗಳನ್ನು. ಈ ಮಾತನ್ನು ಹರಡಿದವರಲ್ಲಿ ಒಬ್ಬರಾದ ತೋಳಗಳ ಸಂಶೋಧಕ ಡೇವಿಡ್ ಮೆಕ್ ಅವರೇ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, 1999ರಲ್ಲಿ ಅದು ಸರಿಯಲ್ಲ, ಗುಂಪು ಅಂದರೆ ಅಪ್ಪ ಅಮ್ಮ ಮಕ್ಕಳ ಸಂಸಾರ ಅಂತ ಬರೆದರು. ತೋಳಗಳೇ ಬಿಟ್ಟುಹಾಕಿದ ಯಜಮಾನಿಕೆಯನ್ನು ನಾವು ಮೈಸೂರಿನ ಮನೆಯ ಹಾಲ್‌ನಲ್ಲಿ ಐದು ತಿಂಗಳ ಮರಿಯ ಮೇಲೆ ಸಾಧಿಸುತ್ತಿದ್ದೇವೆ.

ಹೊಡೆಯಬೇಡಿ ಅನ್ನುವುದು ಬರೀ ಕನಿಕರಕ್ಕಲ್ಲ. ಗುರ್ ಅಂದಾಗ ಹೊಡೆದರೆ ನಾಯಿ ಗುರ್ ಅನ್ನುವುದನ್ನು ಬಿಡುತ್ತೆ, ಕಚ್ಚುವುದನ್ನು ಬಿಡಲ್ಲ. ಮುಂದೊಂದು ದಿನ ಸದ್ದಿಲ್ಲದೆ ಬಾಯಿ ಹಾಕುತ್ತೆ. ಆಗ ಅದು 30 ಕಿಲೋ ಇರುತ್ತೆ. "ನಮ್ಮ ನಾಯಿ ಏನೂ ಸುಳಿವು ಕೊಡದೆ ಕಚ್ಚಿಬಿಡ್ತು" ಅನ್ನುವ ಎಷ್ಟೋ ಮನೆಗಳಲ್ಲಿ ಕೆದಕಿ ಕೇಳಿದರೆ, ಸುಳಿವು ಕೊಟ್ಟಾಗೆಲ್ಲ ಹೊಡೆದಿರುತ್ತಾರೆ. ಕೊರಳಪಟ್ಟಿಯ ಭಯ ಹೋಗಲು ಬೇರೆಯೇ ಕ್ರಮ ಹೇಳಿಕೊಟ್ಟೆ: ಪಟ್ಟಿ ಮುಟ್ಟು, ಕಾಳು ಕೊಡು, ಕೈ ತೆಗೆ. ದಿನಕ್ಕೆ ಹಲವು ಸಲ, ಹಿಡಿದು ಎಳೆಯದೆ. ಊಟದ ತಟ್ಟೆಯ ಹತ್ತಿರ ಮೈ ಬಿಗಿಹಿಡಿದು, ಉಸಿರಾಡದೆ ನಿಂತು, ಓರೆಗಣ್ಣಲ್ಲಿ ನೋಡುವ ನಾಯಿಯದ್ದು ಬೇರೆ ಸಮಸ್ಯೆ. ಅಂಥದ್ದಕ್ಕೆ ಮೊದಲು ಪಶುವೈದ್ಯರಿಗೆ ತೋರಿಸಿ, ನೋವು ಇದೆಯಾ ನೋಡಿಸಿ.

ಇಷ್ಟೆಲ್ಲ ಆದ ಮೇಲೆ ಮಗಳ ತೋಳಿನ ಮೇಲೆ ಹಳದಿ ಕಲೆ ಕಂಡಿತು. ಹಲ್ಲು ತಾಗಿ ರಕ್ತ ಬಂದಿತ್ತು, ಅರಿಶಿನ ಮೆತ್ತಿದ್ದಾರೆ. "ಮನೇಲಿ ಸಾಕಿದ್ದಲ್ವಾ ಮೇಡಂ, ಇಂಜೆಕ್ಷನ್ ಆಗಿದೆ." ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಚರ್ಮ ಒಡೆದರೆ ನಲ್ಲಿ ನೀರಿನ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಬೇಕು, ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಮರಿಯ ಲಸಿಕೆ ಕಾರ್ಡ್ ತೆಗೆದುಕೊಂಡು ಹೋಗಿ. ಇಂಜೆಕ್ಷನ್ ಬೇಕೋ ಬೇಡವೋ ಅವರು ಹೇಳಲಿ, ನೀವೂ ಅಲ್ಲ, ನಾನೂ ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಉಚಿತ. ಲಕ್ಷಣ ಕಾಣಿಸಿಕೊಂಡ ಮೇಲೆ ಆ ಕಾಯಿಲೆಗೆ ಮದ್ದಿಲ್ಲ. ಆ ರಾತ್ರಿಯೇ ತೋರಿಸಿಕೊಂಡು ಬಂದರು.

ಮೊದಲ ವಾರ ಗಂಡನಿಂದ ಫೋನ್, ಕಚ್ಚೋದು ಇನ್ನೂ ಜಾಸ್ತಿ ಆಗಿದೆ ಅಂತ. ಆಗಲೇಬೇಕು. ಇಷ್ಟು ದಿನ ನಡೆದ ಉಪಾಯ ಇದ್ದಕ್ಕಿದ್ದಂತೆ ನಡೆಯದಿದ್ದರೆ ಮರಿ ಬಿಡುವ ಮೊದಲು ಇನ್ನೊಂದಿಷ್ಟು ಜೋರು ಮಾಡಿ ನೋಡುತ್ತೆ. ಬಹಳ ಜನ ಕೈಬಿಡುವುದು ಅಲ್ಲೇ. ಇವರು ಬಿಡಲಿಲ್ಲ. ಅದಕ್ಕೆ ಅಜ್ಜಿ ಕಾರಣ ಅಂತ ನನ್ನ ಗುಮಾನಿ. ಗೇಟಿನ ಉಸ್ತುವಾರಿ ಅವರದ್ದೇ. ಟ್ಯೂಷನ್ ಮಕ್ಕಳು ಇಣುಕಿದರೆ "ಮಲಗಿದೆ, ಹೋಗ್ರೋ" ಅಂತ ಓಡಿಸುತ್ತಾರಂತೆ. ಮಗಳು ಸೋಫಾದಿಂದ ಇಳಿದಿದ್ದಾಳೆ.

ಈಗ ಬ್ರೂನೋಗೆ ಹತ್ತು ತಿಂಗಳು. ಪಂಚೆ ಬಿಟ್ಟಿದ್ದಾನೆ. ಬೆಲ್ ಆದರೆ ಬಂದವರ ಎದೆಗೆ ಹಾರುತ್ತಾನೆ, ಅದಿನ್ನೂ ಸರಿಹೋಗಿಲ್ಲ. ಹರೆಯದ ನಾಯಿ, ಕಲಿತದ್ದರಲ್ಲಿ ಅರ್ಧ ಮರೆಯುವ ಕಾಲ. ಹೋದ ವಾರ ಅಜ್ಜನೇ ಫೋನ್ ಮಾಡಿದ್ದರು. ಇವನಿಗೆ ಜೊತೆ ಇದ್ದರೆ ಸುಮ್ನಾಗ್ತಾನೆ, ಇನ್ನೊಂದು ಮರಿ ನೋಡಿದ್ದೀವಿ, 40 ದಿನದ್ದು, ತರೋದಾ ಅಂತ. ಬೇಡ ಸಾರ್ ಅಂದೆ. ಎರಡು ಮರಿ ಸೇರಿದರೆ ಸುಮ್ನಾಗಲ್ಲ, ಒಂದರಿಂದ ಇನ್ನೊಂದು ಕಲಿಯುತ್ತೆ, ಹಾರುವುದನ್ನೂ ಸೇರಿಸಿ. ಬ್ರೂನೋಗೆ ಎರಡು ವರ್ಷ ತುಂಬಲಿ, ಆಗ ಮಾತಾಡೋಣ. ಆ 40 ದಿನದ ಮರಿ ಇನ್ನು ಮೂರು ವಾರವಾದರೂ ತಾಯಿ ಹತ್ತಿರ ಇರಲಿ ಅಂತ ಮಾರುವವರಿಗೆ ಹೇಳಿಬಿಡಿ ಅಂದೆ. ಹೇಳಿದರೋ ಇಲ್ಲವೋ, ಇನ್ನೂ ಫೋನ್ ಬಂದಿಲ್ಲ.