ಈ ಲೋಕವನ್ನು ಮಾಡಿದವರು ಯಾರು?

ಹಾಸನದ ಓದುಗರೊಬ್ಬರ ಪತ್ರ: “ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕ ಹಳೆಯ ಪುಸ್ತಕಗಳ ಬಗ್ಗೆ ನಿಮ್ಮ ಕಳೆದ ಸಂಚಿಕೆಯಲ್ಲಿ ಓದಿದೆ. ಗ್ನಾಸ್ಟಿಕರೂ ಯೇಸುವನ್ನು ನಂಬಿದವರೇ ಅಲ್ವಾ? ಹಾಗಿದ್ದರೆ ಉಳಿದ ಕ್ರೈಸ್ತರಿಗೂ ಅವರಿಗೂ ಅಷ್ಟೊಂದು ಜಗಳ ಯಾಕೆ? ನಿಜವಾದ ಕ್ರೈಸ್ತ ಧರ್ಮ ಅವರದೇ, ಚರ್ಚು ತನ್ನ ಅಧಿಕಾರಕ್ಕಾಗಿ ಅದನ್ನು ಹೂತುಹಾಕಿತು ಎಂದು ಒಂದು ವಿಡಿಯೋದಲ್ಲಿ ಕೇಳಿದೆ. ಹೌದಾ? ಇವರ ಪುಸ್ತಕಗಳಲ್ಲಿ ಮೊದಲು ಯಾವುದನ್ನು ಓದಲಿ?”

ಸಂಪಾದಕರ ಉತ್ತರ:

ನಿಮ್ಮ ಪತ್ರಕ್ಕೆ ಎರಡು ಸಾಲು ಬರೆದು ಮುಗಿಸಲು ಮನಸ್ಸು ಬರಲಿಲ್ಲ. ಗ್ನಾಸ್ಟಿಕರು ಎಂದರೆ ಒಳಗಿನ ಅರಿವಿನಿಂದಲೇ ಬಿಡುಗಡೆ ಎಂದು ನಂಬಿದ್ದ, ಕ್ರೈಸ್ತ ಧರ್ಮದ ಮೊದಲ ಶತಮಾನಗಳ ಕೆಲವು ಪಂಗಡಗಳವರು. ಯೇಸುವಿನ ಹೆಸರು ಇಬ್ಬರ ಬಾಯಲ್ಲೂ ಇತ್ತು, ನಿಜ. ಜಗಳ ಹುಟ್ಟಿದ್ದು ಅದಕ್ಕೂ ಹಿಂದಿನ ಒಂದು ಪ್ರಶ್ನೆಯಿಂದ. ಈ ಲೋಕವನ್ನು ಮಾಡಿದವರು ಯಾರು? ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ? ಇದಕ್ಕೆ ಗ್ನಾಸ್ಟಿಕರು ಕೊಟ್ಟ ಉತ್ತರ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

1945ರಲ್ಲಿ ನಾಗ್ ಹಮ್ಮಾದಿಯ ಹತ್ತಿರ ಸಿಕ್ಕ ಪುಸ್ತಕಗಳಲ್ಲಿ ‘ಯೋಹಾನನ ರಹಸ್ಯಗ್ರಂಥ’ದ ಮೂರು ಪ್ರತಿಗಳಿದ್ದವು. ಅದರಲ್ಲಿ ಬರುವ ಕಥೆ ಇದು. ಕಣ್ಣಿಗೆ ಕಾಣದ, ಮಾತಿಗೆ ಸಿಗದ ಒಬ್ಬ ಪರಮ ದೇವರಿದ್ದಾನೆ. ಅವನ ಬೆಳಕಿನ ಲೋಕದಲ್ಲಿ ಸೋಫಿಯಾ ಎಂಬ ಶಕ್ತಿ ಇದ್ದಾಳೆ. ಅವಳು ಯಾರ ಒಪ್ಪಿಗೆಯನ್ನೂ ಕೇಳದೆ ಒಬ್ಬಳೇ ಮಗುವನ್ನು ಹುಟ್ಟಿಸಲು ಹೋಗುತ್ತಾಳೆ. ಹುಟ್ಟಿದ್ದು ಸಿಂಹದ ಮುಖದ ಹಾವು. ಅದರ ಕಣ್ಣುಗಳಲ್ಲಿ ಮಿಂಚು. ತಾಯಿಗೆ ಗಾಬರಿ, ನಾಚಿಕೆ. ಯಾರಿಗೂ ಕಾಣಬಾರದೆಂದು ಅದನ್ನು ದೂರ ಎಸೆದು, ಸುತ್ತ ಹೊಳೆಯುವ ಮೋಡ ಕವಿಸಿ, ಅದರ ನಡುವೆ ಒಂದು ಸಿಂಹಾಸನ ಇಡುತ್ತಾಳೆ. ಆ ಮಗುವೇ ಯಾಲ್ದಾಬಾವೋತ್. ಈ ಲೋಕವನ್ನು ಮಾಡಿದವನು ಅವನೇ. ಮಾಡಿ ಮುಗಿಸಿ, “ನಾನು ಅಸೂಯೆಯುಳ್ಳ ದೇವರು, ನನ್ನ ಹೊರತು ಬೇರೆ ದೇವರಿಲ್ಲ” ಎಂದು ಜಂಬ ಕೊಚ್ಚಿಕೊಳ್ಳುತ್ತಾನೆ. ಪುಸ್ತಕ ಅಲ್ಲೇ ಅವನನ್ನು ಹಿಡಿಯುತ್ತದೆ: ಬೇರೆ ದೇವರೇ ಇಲ್ಲದಿದ್ದರೆ ಅಸೂಯೆ ಯಾರ ಮೇಲೆ?

ಈ ಪ್ರಶ್ನೆಯ ಚುರುಕು ನನಗೆ ತುಂಬಾ ಇಷ್ಟ. ಆದರೆ ಅದು ಯಾರಿಗೆ ತಾಗುತ್ತದೆ ಎಂಬುದನ್ನು ಗಮನಿಸಿ. ಆ ಮಾತು ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ದೇವರ ಮಾತು. ಯೆಹೂದ್ಯರ ದೇವರನ್ನೇ ಇಲ್ಲಿ ಕುರುಡು ಅಧಿಕಾರಿಯನ್ನಾಗಿ ಮಾಡಿದ್ದಾರೆ. ‘ಸತ್ಯದ ಸಾಕ್ಷಿ’ ಎಂಬ ಇನ್ನೊಂದು ಪುಸ್ತಕ ಏದೆನ್ ತೋಟದ ಕಥೆಯನ್ನು ಹಾವಿನ ಪರವಾಗಿ ಹೇಳುತ್ತದೆ. ಮೊದಲ ಮನುಷ್ಯ ಆದಾಮನಿಗೆ ಅರಿವಿನ ಹಣ್ಣು ಬೇಡ ಎಂದವನು, ಅವನು ಎಲ್ಲಿದ್ದಾನೆಂದು ಗೊತ್ತಾಗದೆ ಕೂಗಿ ಕೇಳಿದವನು ಎಂಥ ದೇವರು ಎಂಬುದು ಅದರ ವಾದ.

ಹಾಗಾದರೆ ಮನುಷ್ಯ? ಆದಾಮನಿಗೆ ಉಸಿರು ಊದುವಾಗ ಯಾಲ್ದಾಬಾವೋತ್ ಮೋಸಹೋಗಿ, ತಾಯಿಯಿಂದ ಬಂದ ಬೆಳಕನ್ನೂ ಊದಿಬಿಟ್ಟ. ಆ ಕಿಡಿ ನಮ್ಮೊಳಗೆ ಸಿಕ್ಕಿಬಿದ್ದಿದೆ. ಅದನ್ನು ಅರಿತುಕೊಳ್ಳುವುದೇ ಬಿಡುಗಡೆ. ಕ್ರಿಸ್ತ ಬಂದದ್ದು ಅದನ್ನು ನೆನಪಿಸಲು. ದೇಹ ಬರೀ ಸೆರೆಮನೆ.

ಉಳಿದ ಕ್ರೈಸ್ತರಿಗೆ ಇದು ಬುಡಕ್ಕೇ ಕೊಡಲಿ ಹಾಕಿದಂತಾಯಿತು. ಅವರ ಪ್ರಕಾರ ಲೋಕವನ್ನು ಮಾಡಿ “ಒಳ್ಳೆಯದು” ಎಂದ ದೇವರೇ ಯೇಸುವಿನ ತಂದೆ. ಅವನು ಮಾಡಿದ ಮೈಯಲ್ಲೇ ಯೇಸು ಹುಟ್ಟಿದ, ನೊಂದ, ಸತ್ತ, ಎದ್ದ. ಗ್ನಾಸ್ಟಿಕ್ ಪುಸ್ತಕಗಳಲ್ಲಿ ಒಂದಾದ ‘ಮಹಾಸೇತನ ಎರಡನೆಯ ಉಪದೇಶ’ದಲ್ಲಿ ಶಿಲುಬೆ ಹೊತ್ತವನು ಯೇಸುವಲ್ಲ, ಸೀಮೋನ ಎಂಬವನು, ಮುಳ್ಳಿನ ಕಿರೀಟ ತೊಟ್ಟವನು ಇನ್ಯಾರೋ. ಯೇಸು ಮೇಲೆ ನಿಂತು ಅವರ ಅಜ್ಞಾನಕ್ಕೆ ನಗುತ್ತಿರುತ್ತಾನೆ. ಎಲ್ಲ ಗ್ನಾಸ್ಟಿಕರೂ ಹೀಗೆ ಹೇಳಲಿಲ್ಲ. ‘ಸತ್ಯದ ಸುವಾರ್ತೆ’ ಯೇಸುವನ್ನು ಮರಕ್ಕೆ ಜಡಿದದ್ದನ್ನು ಭಕ್ತಿಯಿಂದಲೇ ಹೇಳುತ್ತದೆ. ಅವರೆಲ್ಲ ಒಂದೇ ಪಂಗಡವಾಗಿರಲಿಲ್ಲ.

ದೇಹದ ವಿಷಯ ಸುಮ್ನೆ ಪಂಡಿತರ ಚರ್ಚೆ ಅನ್ನಿಸಬಹುದು. ಅದಕ್ಕೇ ನಿಮ್ಮನ್ನು ಈಗಿನ ಫ್ರಾನ್ಸಿನ ಲಿಯೋನ್ ಊರಿಗೆ ಕರೆದುಕೊಂಡು ಹೋಗಬೇಕು. 177ರಲ್ಲಿ ಅಲ್ಲಿನ ಕ್ರೈಸ್ತರನ್ನು ಹಿಂಸಿಸಿ ಕೊಂದರು. 90 ದಾಟಿದ ಬಿಷಪ್ ಪೊಥೀನಸ್ ಸೆರೆಯಲ್ಲಿ ಸತ್ತ. ಬ್ಲಾಂಡಿನಾ ಎಂಬ ದಾಸಿ ಹೆಣ್ಣುಮಗಳು ಎಲ್ಲ ಹಿಂಸೆಯನ್ನೂ ತಡೆದುಕೊಂಡು ಕೊನೆಗೆ ಅಖಾಡದಲ್ಲಿ ಪ್ರಾಣ ಬಿಟ್ಟಳು. ಹೆಣಗಳನ್ನು ಆರು ದಿನ ಬಯಲಲ್ಲಿ ಬಿಟ್ಟು, ಸುಟ್ಟು, ಬೂದಿಯನ್ನು ರೋನ್ ನದಿಗೆ ಚೆಲ್ಲಿದರು. ಇವರಿಗೆ ಮತ್ತೆ ಎದ್ದುಬರುವ ಆಸೆಯೂ ಉಳಿಯಬಾರದು ಎಂಬ ಹಟ. ಬದುಕುಳಿದವರು ಬರೆದ ಕಾಗದದಲ್ಲಿ ಇದೆಲ್ಲ ಇದೆ.

ಪೊಥೀನಸನ ನಂತರ ಬಿಷಪ್ ಆದವನು ಐರೀನಿಯಸ್. ಗ್ನಾಸ್ಟಿಕರ ವಿರುದ್ಧ ಸುಮಾರು 180ರಲ್ಲಿ ಐದು ಸಂಪುಟ ಬರೆದವನು ಇವನೇ. ಮೈಗೆ ಬೆಲೆಯಿಲ್ಲ ಎಂಬ ಮಾತು ಅವನಿಗೆ ಹೇಗೆ ಕೇಳಿಸಿರಬೇಕು, ಯೋಚಿಸಿ. ಅವನ ಬರಹದಲ್ಲಿ ಕಠೋರ ಮಾತು ಜಾಸ್ತಿ, ಎದುರಾಳಿಗಳಿಗೆ ಅನ್ಯಾಯ ಮಾಡಿದ ಕಡೆಗಳೂ ಇವೆ. ಆದರೂ ರೊಟ್ಟಿ, ದ್ರಾಕ್ಷಾರಸ, ಮನುಷ್ಯನ ಮೈ ಎಲ್ಲವೂ ದೇವರಿಗೆ ಸೇರಿದವು ಎಂದು ಅವನು ಹಟ ಹಿಡಿದದ್ದು ನನ್ನ ಮನಸ್ಸನ್ನು ತಟ್ಟುತ್ತದೆ. ಇವತ್ತು ನಮ್ಮ ಊರುಗಳ ಚರ್ಚುಗಳಲ್ಲಿ ಹೇಳುವ ವಿಶ್ವಾಸ ಪ್ರಮಾಣ ಶುರುವಾಗುವುದು ಭೂಮಿ ಆಕಾಶಗಳನ್ನು ಸೃಷ್ಟಿಸಿದ ದೇವರಿಂದ. ಅದರ ಕೊನೆಯಲ್ಲಿ ಶರೀರದ ಪುನರುತ್ಥಾನ ಬರುತ್ತದೆ. ಇವೆರಡೂ ಗ್ನಾಸ್ಟಿಕರು ಒಪ್ಪದ ಮಾತುಗಳು.

ಒಂದು ವಿಷಯದಲ್ಲಿ ಗ್ನಾಸ್ಟಿಕರ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಅವರಲ್ಲಿ ಹೆಂಗಸರು ಕಲಿಸುತ್ತಾರೆ, ವಾದ ಮಾಡುತ್ತಾರೆ, ಇವತ್ತು ಒಬ್ಬ ಬಿಷಪ್, ನಾಳೆ ಇನ್ನೊಬ್ಬ ಎಂದು ಕಾರ್ಥೇಜಿನ ಕ್ರೈಸ್ತ ಲೇಖಕ ಟರ್ಟುಲಿಯನ್ ಸಿಡಿಮಿಡಿಗೊಂಡಿದ್ದಾನೆ. ನಮಗೆ ಅದು ಒಳ್ಳೆಯ ಗುಣವಾಗಿಯೇ ಕಾಣುತ್ತದೆ. ಆದರೆ ರೋಮಿನಲ್ಲಿ ಕಲಿಸುತ್ತಿದ್ದ ಗ್ನಾಸ್ಟಿಕ್ ಗುರು ವ್ಯಾಲೆಂಟೈನಸನ ಶಿಷ್ಯರು ಮನುಷ್ಯರನ್ನು ಮೂರು ಬಗೆ ಮಾಡಿದ್ದರು: ಆತ್ಮದವರು, ನಡುವಿನವರು, ಬರೀ ಮಣ್ಣಿನವರು. ಮಣ್ಣಿನವರಿಗೆ ಬಿಡುಗಡೆಯೇ ಇಲ್ಲ. ಓದು ಬಾರದವನೂ ಪ್ರೀತಿಯಿಂದ ದೇವರ ಹತ್ತಿರ ಹೋಗಬಲ್ಲ ಎಂದ ಐರೀನಿಯಸ್ ಇಲ್ಲಿ ದೊಡ್ಡವನಾಗಿ ಕಾಣುತ್ತಾನೆ.

ಇನ್ನು ನೀವು ಕೇಳಿದ ವಿಡಿಯೋದ ಮಾತು. ಈ ವಾದ ಜೋರಾಗಿದ್ದ ಎರಡನೆಯ ಶತಮಾನದಲ್ಲಿ ಚರ್ಚಿನ ಕೈಯಲ್ಲಿ ಸೈನ್ಯವೂ ಇರಲಿಲ್ಲ, ಕಾನೂನೂ ಇರಲಿಲ್ಲ. ಅದರ ಜನರೇ ಸಾಯುತ್ತಿದ್ದರು. ಇಬ್ಬರೂ ಬರೆದು, ಕಲಿಸಿ, ಜನರನ್ನು ಒಲಿಸಿಕೊಳ್ಳಬೇಕಿತ್ತು. ಹೆಚ್ಚು ಜನ ಐರೀನಿಯಸನ ಕಡೆ ನಿಂತರು. ನಾಲ್ಕನೆಯ ಶತಮಾನದ ಕಥೆ ಬೇರೆ. ಆಗ ಚಕ್ರವರ್ತಿಗಳೇ ಕ್ರೈಸ್ತರಾದರು. 367ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಷಿಯಸ್ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಕೊಟ್ಟು, ರಹಸ್ಯಗ್ರಂಥಗಳನ್ನು ದೂರವಿಡಿ ಎಂದು ಬರೆದ. 388ರಲ್ಲಿ ಯೂಫ್ರೆಟಿಸ್ ದಂಡೆಯ ಕಲ್ಲಿನಿಕಮ್ ಊರಿನಲ್ಲಿ ಸನ್ಯಾಸಿಗಳು ವ್ಯಾಲೆಂಟೈನಸನ ಅನುಯಾಯಿಗಳ ಪ್ರಾರ್ಥನಾಲಯಕ್ಕೆ ಬೆಂಕಿಯಿಟ್ಟರು. ಅಲ್ಲಿನ ಯೆಹೂದ್ಯರ ಸಭಾಮಂದಿರವನ್ನೂ ಕ್ರೈಸ್ತರು ಸುಟ್ಟರು. ತಪ್ಪಿತಸ್ಥರಿಗೆ ಶಿಕ್ಷೆಯಾಗಲಿ ಎಂದು ಚಕ್ರವರ್ತಿ ಥಿಯೊಡೋಸಿಯಸ್ ಹೊರಟರೆ, ಮಿಲಾನಿನ ಬಿಷಪ್ ಆಂಬ್ರೋಸ್ ಅಡ್ಡ ನಿಂತು ಬಿಡಿಸಿದ. ಇದನ್ನು ಮುಚ್ಚಿಡುವುದು ತಪ್ಪು. ಆದರೆ ಇದನ್ನೇ ಹಿಡಿದು ಗ್ನಾಸ್ಟಿಕರದೇ ಮೂಲ ಧರ್ಮ ಎನ್ನಲಾಗದು. ಅವರ ಕಥೆಗಳಿಗಿಂತ, ಹೊಸ ಒಡಂಬಡಿಕೆಯಲ್ಲಿರುವ ಅಪೊಸ್ತಲ ಪೌಲನ ಕಾಗದಗಳು ಹಳೆಯವು. ಅವುಗಳಲ್ಲಿ ಶಿಲುಬೆ, ಸಾವು, ಪುನರುತ್ಥಾನಗಳೇ ನಡುಮನೆಯಲ್ಲಿವೆ.

ಓದಲು ಎಲ್ಲರೂ ‘ತೋಮನ ಸುವಾರ್ತೆ’ಯನ್ನು ಹೇಳುತ್ತಾರೆ. ಅದು ಯೇಸುವಿನ 114 ನುಡಿಗಳ ಸಂಗ್ರಹ, ಚೆನ್ನಾಗಿದೆ. ಆದರೆ ಅದರಲ್ಲಿ ಸೋಫಿಯಾಳ ಕಥೆ ಇಲ್ಲ, ಯಾಲ್ದಾಬಾವೋತ್ ಇಲ್ಲ. ನೀವು ಮೊದಲು ಟಾಲೆಮಿ ಎಂಬ ಗ್ನಾಸ್ಟಿಕ್ ಗುರು ಫ್ಲೋರಾ ಎಂಬ ಹೆಂಗಸಿಗೆ ಬರೆದ ಪತ್ರ ಓದಿ. ಕೆಲವೇ ಪುಟ, ಬೈಗುಳ ಇಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲಿ ದೇವರದೆಷ್ಟು, ಮೋಶೆಯದೆಷ್ಟು, ಹಿರಿಯರು ಸೇರಿಸಿದ್ದೆಷ್ಟು ಎಂದು ತಾಳ್ಮೆಯಿಂದ ಬಿಡಿಸಿ ಹೇಳುತ್ತಾನೆ. ಲೋಕವನ್ನು ಮಾಡಿದ ದೇವರನ್ನು ಅವನು ಕೆಟ್ಟವನೆನ್ನುವುದಿಲ್ಲ, ಪರಮ ದೇವರಿಗಿಂತ ಒಂದು ಮೆಟ್ಟಿಲು ಕೆಳಗಿನವನು, ನ್ಯಾಯವಂತ ಎನ್ನುತ್ತಾನೆ. ಆಮೇಲೆ ‘ಯೋಹಾನನ ರಹಸ್ಯಗ್ರಂಥ’ ಹಿಡಿದರೆ ಸಿಂಹಮುಖದ ಹಾವು ಎದುರಾದಾಗ ನಿಮಗೆ ದಾರಿ ತಪ್ಪುವುದಿಲ್ಲ.